ಕುಂಚಿಗಿ ಕಟ್ಟಿದ ಅಕ್ಕಿ

ಸೆರಗಿನ ತುದಿಗೆ ಕೈ ಹೋಗುತ್ತದೆ, ಗಂಟು ಹುಡುಕುತ್ತದೆ, ಸಿಗದೆ ವಾಪಸ್ಸು ಬರುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಹೋಗುತ್ತದೆ. ಮುಂಜಾನೆಯಿಂದ ಇದೇ ಆಟ. ಹೆಂಗಸಿನ ಸೆರಗಿನ ಗಂಟು ಅಂದ ಕೂಡಲೇ ರೊಕ್ಕ ಅಂತ ತಿಳಿಯಬೇಡಿ. ನನ್ನ ಗಂಟಿನಲ್ಲಿ ಇರುತ್ತಿದ್ದದ್ದು ಒಂದು ಲಿಂಬೆಹಣ್ಣು. ಸೀರೆ ಉಡುವುದಕ್ಕೂ ಮುಂಚೆ, ಲಂಗದ ಚುಂಗಿನಲ್ಲಿ ಕಟ್ಟಿಕೊಳ್ಳುತ್ತಿದ್ದ ಕಾಲದಿಂದ, ಊರು ಬಿಟ್ಟು ಎಲ್ಲಿಗೆ ಹೊರಟರೂ ಅದು ನನ್ನ ಸಂಗಡ ಬರುತ್ತಿತ್ತು. ಯಾಕೆಂದರೆ ಕಾರು ಹತ್ತಿದರೆ ನನಗೆ ಹೊಟ್ಟೆ ತೊಳಸುತ್ತದೆ. ಮೊದಲು ಬಾಯಲ್ಲಿ ನೀರು ಬರುತ್ತದೆ, ಆಮೇಲೆ ಕಿವಿ ಬಿಸಿಯಾಗುತ್ತದೆ, ಆಮೇಲಿನದು ಬರೆಯುವಂಥದ್ದಲ್ಲ. ನಮ್ಮ ಮನೆಯವರು ಅದಕ್ಕೆ ಇಟ್ಟ ಮಾತು: "ಇಕೀದು ಚಾಲೂ ಆತು."

ಈಗ ಆ ಹಣ್ಣು ನನ್ನ ಹತ್ತಿರ ಇಲ್ಲ. ಎಲ್ಲಿಗೆ ಹೋಯಿತು ಅಂತ ಹೇಳುವುದಕ್ಕೇ ಈ ಬರವಣಿಗೆ. ಆದರೆ ಒಂದೇ ಉಸಿರಿಗೆ ಹೇಳಲಾರೆ. ಹೊರಗೆ ಬೇವಿನ ಗಿಡದ ಕೆಳಗೆ ನಮ್ಮ ಗಾಡಿ ನಿಂತಿದೆ. ಒಳಗೆ ತೊಟ್ಟಿಲಲ್ಲಿ ನನ್ನ ಮೊಮ್ಮಗಳು ಮೈತ್ರಿ ಮಲಗಿದ್ದಾಳೆ. ಎರಡು ಸಾಲು ಬರೆದರೆ ಎದ್ದು ಹೋಗಿ ಗಾಡಿ ನೋಡಬೇಕು ಅನಿಸುತ್ತದೆ, ಇನ್ನೆರಡು ಸಾಲಿಗೆ ಕೂಸಿನ ಮೂಗಿನ ಮುಂದೆ ಬೆರಳು ಹಿಡಿದು ಉಸಿರು ನೋಡಬೇಕು ಅನಿಸುತ್ತದೆ.

"ಅತ್ತಿ, ಕೂಸು ಎಲ್ಲೀಗೂ ಓಡಿಹೋಗಂಗಿಲ್ರಿ. ಗಾಡಿಗೂ ಕಾಲಿಲ್ಲ. ಜರಾ ಒಂದ ಕಡಿ ಕುಂದರ್ರಿ" ಅನ್ನುತ್ತಾಳೆ ಸೊಸೆ ಸವಿತಾ.

ಬರೆಯಲು ಹಚ್ಚಿದವಳೂ ಅವಳೇ. "ದಿನಾ ಇದ ಕಥಿ ನನ್ನ ಮುಂದ ಹೇಳ್ತೀರಿ. ಬರದಿಡ್ರಿ, ಮೈತ್ರಿ ದೊಡ್ಡಾಕಿ ಆದ ಮ್ಯಾಲ ಓದ್ಲಿ" ಅಂದಳು. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುವಾಕಿ, ಬರೆಯುವುದು ಅಂದರೆ ಅವಳಿಗೆ ನೀರು ಕುಡಿದಂತೆ. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಅಕ್ಷರ ಮರೆಯದೆ ಉಳಿದದ್ದು ಬಸ್ಸಿನ ಬೋರ್ಡುಗಳಿಂದ. ಸಿಂಧನೂರು, ಮಸ್ಕಿ, ಲಿಂಗಸುಗೂರು ಅಂತ ಕೂಡಿಸಿ ಕೂಡಿಸಿ ಓದುತ್ತಾ ಬೆಳೆದೆ. ಈಗಲೂ ಯಾವ ದೊಡ್ಡ ಶಬ್ದ ಕಂಡರೂ ಅದು ಎಲ್ಲಿಗೆ ಹೋಗುವ ಬಸ್ಸು ಅಂತ ಒಂದು ಗಳಿಗೆ ಅನಿಸುತ್ತದೆ.

ನನ್ನ ತವರು ಬಳಗಾನೂರು. ಕೊಟ್ಟ ಮನೆ ತುರ್ವಿಹಾಳ. ಎರಡೂ ಕಡೆ ಭತ್ತದ ನಾಟಿಯೇ ನಮ್ಮ ಕೆಲಸ. ನಾಟಿಯ ದಿನಗಳಲ್ಲಿ ನಸುಕಿನಲ್ಲಿ ಟ್ರ್ಯಾಕ್ಟರ್ ಬಂದು ಓಣಿಯ ಮುಂದೆ ನಿಲ್ಲುತ್ತಿತ್ತು. ಅದರ ಟ್ರೇಲರಿನಲ್ಲಿ ಹೆಂಗಸರನ್ನು ತುಂಬುತ್ತಿದ್ದದ್ದು ಹೆಂಗೆ ಅಂದರೆ, ಒಬ್ಬಾಕಿ ಕೆಮ್ಮಿದರೆ ಎಲ್ಲರ ಮೈ ಅಲ್ಲಾಡಬೇಕು. ಬುತ್ತಿಗಂಟು ತಲೆಯ ಮೇಲೆ, ಕಾಲು ಯಾರ ಕಾಲಿನ ಮೇಲೋ. ಕಾಲುವೆಯ ದಂಡೆ ಹಿಡಿದು ಧಡಬಡ ಧಡಬಡ ಹೋಗುವಾಗ ನಾನು ಮುಂದಿನ ಪಟ್ಟಿ ಹಿಡಿದು, ಡ್ರೈವರನ ತಲೆಯ ಮೇಲಿಂದ ದಾರಿ ನೋಡುತ್ತಾ ನಿಲ್ಲುತ್ತಿದ್ದೆ. ಒಂದು ದಿನವೂ ಹೊಟ್ಟೆ ತೊಳಸಲಿಲ್ಲ. ಬಸ್ಸಿನಲ್ಲೂ ಅಷ್ಟೇ, ಮುಂದೆ ಹೆಂಗಸರ ಸೀಟು ಸಿಕ್ಕರೆ ಲಿಂಬೆಹಣ್ಣು ಮೂಸುತ್ತಾ ಹೆಂಗೋ ಮುಟ್ಟುತ್ತಿದ್ದೆ.

ಕೆಟ್ಟದ್ದು ಕಾರು. ಮದುವೆ, ಸೀಮಂತ ಅಂತ ಬಾಡಿಗೆ ಗಾಡಿ ಮಾಡುತ್ತಾರಲ್ಲ, ಅದರಲ್ಲಿ ಮುಂದಿನ ಸೀಟು ನಮ್ಮ ಮನೆಯವರದು. ನಡುವಿನ ಸೀಟು ಹಿರಿಯರದು, ಬೀಗರದು. ಕೊನೆಯ ಸೀಟಿನಲ್ಲಿ ಕೊಡಪಾನ, ಹೂವಿನ ಬುಟ್ಟಿ, ಮತ್ತು ನಾನು. "ನೀವು ಕುಂದರ್ರಿ, ನಾ ಅಡ್ಜಸ್ಟ್ ಆಕ್ಕೀನಿ" ಅನ್ನುವ ಮಾತು ನನ್ನ ಬಾಯಿಗೆ ಎಲೆ ಅಡಿಕೆಯಂತೆ ಹತ್ತಿಬಿಟ್ಟಿತ್ತು. ಎಷ್ಟು ಮದುವೆಯ ಊಟ ನಾನು ವಾಸನೆ ಮಾತ್ರ ನೋಡಿ ಬಂದಿದ್ದೇನೆ ಅನ್ನುವುದು ಆ ಲಿಂಬೆಹಣ್ಣುಗಳಿಗೇ ಗೊತ್ತು. ಆಮೇಲಾಮೇಲೆ ಹೋಗುವುದನ್ನೇ ಬಿಟ್ಟೆ. ಮಗ ಆನಂದ ಹೈಸ್ಕೂಲಿನ ಮಾಸ್ತರ, ಅವನ ನೌಕರಿಗೆಂದು ತುರ್ವಿಹಾಳ ಬಿಟ್ಟು ಸಿಂಧನೂರಿಗೆ ಬಂದಿದ್ದೆವು. ಅವನ ಸಾಲಿಯವರೆಲ್ಲ ಮನೆಮಂದಿ ಕಟ್ಟಿಕೊಂಡು ಡ್ಯಾಮು ನೋಡಲು ಹೋದಾಗಲೂ ನಾನು ಹೋಗಲಿಲ್ಲ. ಮನೆ ಕಾಯಲಿಕ್ಕೆ ಒಬ್ಬರು ಬೇಕಲ್ಲ ಅಂದೆ. ಸಿಂಧನೂರಿನ ನಮ್ಮ ಮನೆಯಲ್ಲಿ ಕದಿಯುವಂಥದ್ದು ಏನೂ ಇರಲಿಲ್ಲ.

ಎದ್ದು ಹೋಗಿ ಬಂದೆ. ಕೂಸು ಮಲಗಿದೆ. ಗಾಡಿ ನಿಂತಿದೆ. ಬಾನೆಟ್ಟಿನ ಮೇಲೆ ಒಂದು ಬೆಕ್ಕು ಕೂತಿತ್ತು, ಓಡಿಸಿದೆ.

ಹೋದ ವರ್ಷ ಸವಿತಾ ಬಾಣಂತನಕ್ಕೆ ತವರಿಗೆ ಹೋದಳು. ಅವಳ ತವರು ಗುರುಗುಂಟಾ, ಲಿಂಗಸುಗೂರು ದಾಟಿ ಹೋಗಬೇಕು. ಮದುವೆಯಾಗಿ ಬಹಳ ವರ್ಷಕ್ಕೆ ಹುಟ್ಟಿದ ಕೂಸು. ಫೋನು ಬಂದ ದಿನ ನಾನು ಓಣಿಯಲ್ಲಿ ಕಂಡಕಂಡವರಿಗೆಲ್ಲ ಸಕ್ಕರೆ ಹಂಚಿದೆ. ಕೊಟ್ಟವರಿಗೇ ಮತ್ತೆ ಕೊಟ್ಟೆ. ಕೊನೆಗೆ ಅಂಗಡಿಯವನು, "ಅಮ್ಮಾ, ಮೂರನೇ ಸಲ ಬಾಯಿ ಸಿಹಿ ಮಾಡಾಕತ್ತೀರಿ, ನನಗ ಶುಗರ್ ಐತ್ರಿ" ಅಂದ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಬಾಣಂತಿಯನ್ನು ಕೂಸಿನ ಸಮೇತ ಕರೆದು ತರುವ ದಿನ, ತಾಯಿಯ ತಾಯಿ ತನ್ನ ಹೊಸ್ತಿಲಲ್ಲಿ ನಿಂತು ಕೂಸನ್ನು ತಂದೆಯ ತಾಯಿಯ ಉಡಿಗೆ ಹಾಕುತ್ತಾಳೆ. ಹಾಕಿಸಿಕೊಂಡವಳು ತನ್ನ ಮನೆಯ ಹೊಸ್ತಿಲು ದಾಟುವವರೆಗೆ ಕೂಸನ್ನು ಕೆಳಗೆ ಇಡುವಂತಿಲ್ಲ, ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಹಾಲು ಕುಡಿಸಲು ತಾಯಿಗೆ ಮಾತ್ರ ಕೊಡಬಹುದು. ನಮ್ಮ ಆನಂದನನ್ನು ನನ್ನ ಅತ್ತೆ ಬಳಗಾನೂರಿನಿಂದ ತುರ್ವಿಹಾಳಕ್ಕೆ ಹೀಗೇ ತಂದರು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ನಾನು ಕೊಡ್ರಿ ಅಂದೆ, ನನ್ನ ಅವ್ವ ಕೊಡ್ರಿ ಅಂದಳು. ಅತ್ತೆ ಒಪ್ಪಲಿಲ್ಲ. ಬಿಸಿಲಿನಲ್ಲಿ ಸೆರಗು ಮರೆಮಾಡಿ ನಡೆದರು, ಮನೆಗೆ ಬಂದ ಮೇಲೆ ಅವರ ಕೈ ಮಡಚಿದ್ದು ಬಿಚ್ಚಲಿಕ್ಕೆ ಬರಲಿಲ್ಲ, ಎಣ್ಣೆ ಹಚ್ಚಿ ಬಿಡಿಸಿದೆ. ನನ್ನ ಮೇಲೆ ಯಾವತ್ತೂ ಸಿಟ್ಟು ಮಾಡುತ್ತಿದ್ದ ಅತ್ತೆ, ಆವತ್ತು ಮಾತ್ರ ನಕ್ಕಿದ್ದರು. ಆ ನಗುವಿನ ಮೇಲೆ ಆವತ್ತಿನಿಂದ ನನ್ನ ಕಣ್ಣು. ನನ್ನ ಸರದಿ ಯಾವಾಗ ಬರುತ್ತದೆ, ಯಾವಾಗ ಬರುತ್ತದೆ ಅಂತ.

ಬಂತು. ಬಂದರೆ, ಗುರುಗುಂಟಾದಿಂದ ಸಿಂಧನೂರಿಗೆ ಕಾರಿನಲ್ಲಿ ಬರಬೇಕು!

"ಬಸ್ಸಿಗೆ ಬರೋಣೇನು?" ಅಂತ ಕೇಳಿದೆ.

"ಯವ್ವಾ, ಕೂಸು, ಬಾಣಂತಿ, ತೊಟ್ಟಿಲಾ, ಉಂಡಿ ಡಬ್ಬಿ, ಮ್ಯಾಲ ನಿಮ್ಮ ಬೀಗತಿ. ಬಸ್ಸಿನಾಗ ಹೆಂಗ ಬೇ? ಹೆಂಗೂ ಗಾಡಿ ತಗೊಳ್ಳಾಕ ಬೇಕು. ಐದು ಮಂದಿ ಬೈಕ್ ಮ್ಯಾಲ ಹೊಂಟ್ರ ಸರ್ಕಸ್ ಬಂತು ಅಂತ ಹುಡುಗ್ರು ಬೆನ್ನು ಹತ್ತತಾವ" ಅಂದ ಆನಂದ. "ದೊಡ್ಡದ ನೋಡೋಣ. ಆರಾಮಾಗಿ ಕುಂದ್ರುವಂಥಾದ್ದು. ನಿನಗ ಹಿಡಿಸಿದ್ದ ತಗೊಳ್ಳೋದು."

ನನಗೆ ಹಿಡಿಸಿದ್ದು! ನನ್ನ ಜನ್ಮದಲ್ಲಿ ಗಾಡಿಗೆ ನಾನು ಹಿಡಿಸಿದರೆ ಸಾಕಾಗಿತ್ತು.

ಅವತ್ತಿನಿಂದ ನನಗೆ ನಿದ್ದೆ ಹತ್ತಲಿಲ್ಲ. ಗಾಡಿ ದೊಡ್ಡದಿದ್ದರೆ ಗಾಳಿ ಆಡುತ್ತದೆ, ಗಾಳಿ ಆಡಿದರೆ ಹೊಟ್ಟೆ ತೊಳಸುವುದಿಲ್ಲ ಅಂತ ನನ್ನ ಲೆಕ್ಕ. ಪರೀಕ್ಷೆ ಮಾಡದೆ ನಂಬುವುದು ಹೆಂಗೆ? ಅದಕ್ಕೆ ಸವಿತಾಗೆ ಫೋನು ಮಾಡಿ ಕೂಸಿನ ತೂಕ ಕೇಳಿದೆ. ಅಷ್ಟೇ ತೂಕದ ಸೋನಾ ಅಕ್ಕಿಯನ್ನು ದಿಂಬಿನ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಹಳೇ ಕೌದಿ ಸುತ್ತಿದೆ. ಉಡಿಯಲ್ಲಿ ಇಟ್ಟುಕೊಂಡು ಮನೆಯಲ್ಲೆಲ್ಲ ಓಡಾಡಿದೆ. ಕೈಗೆ ಭಾರ ರೂಢಿಯಾಗಲಿ ಅಂತ.

ನಮ್ಮ ಮನೆಯವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಕಾಲುವೆಯ ಗೇಟು ಕಾಯುತ್ತಾ ಜೀವನ ಕಳೆದವರು. ಮಾತು ಕಡಿಮೆ, ಆಡಿದರೆ ಉಪ್ಪು ಖಾರ ಜಾಸ್ತಿ. "ಕುಂಚಿಗೀನೂ ಕಟ್ಟು ಅದಕ್ಕ. ಅಕ್ಕಿಗೆ ಥಂಡಿ ಹತ್ತೀತು" ಅಂದರು.

ಚೇಷ್ಟೆಗೆ ಅಂದದ್ದು. ನಾನು ನಿಜವಾಗಿಯೂ ಕಟ್ಟಿದೆ. ಮೈತ್ರಿಗೆ ಅಂತ ಹೊಲಿದಿಟ್ಟಿದ್ದ ಕೆಂಪು ಕುಂಚಿಗಿ, ಅಂಚಿಗೆ ಬಿಳಿ ಲೇಸು. ತಲೆಯ ಮೇಲೆ ಹೊದಿಸಿ ಕುತ್ತಿಗೆಗೆ ಕಟ್ಟುವ ಈ ಟೊಪ್ಪಿಗೆ ಹಾಕಿದ ಮೇಲೆ ಅಕ್ಕಿಗೆ ಒಂದು ಕಳೆ ಬಂತು.

ಮೊದಲು ಸಿಂಧನೂರಿನಲ್ಲೇ ಶೋರೂಮಿಗೆ ಹೋದೆವು. ಗಾಜಿನ ಮನೆ. ನೆಲದಲ್ಲಿ ಮುಖ ಕಾಣುತ್ತಿತ್ತು, ಚಪ್ಪಲಿ ಹೊರಗೆ ಬಿಡಬೇಕೋ ಬೇಡವೋ ತಿಳಿಯದೆ ಕೈಯಲ್ಲಿ ಹಿಡಿದುಕೊಂಡು ಹೋದೆ. ಏಳು ಸೀಟಿನ ಹೊಸ ಗಾಡಿ, ಮದುಮಗನಂತೆ ನಿಂತಿತ್ತು. ಆನಂದ ಗಾಡಿ ನಡೆಸಲಿಕ್ಕೆ ಕೂತ. ನಮ್ಮ ಮನೆಯವರು ತಲೆಗೆ ಸುತ್ತಿದ ರುಮಾಲು ಸರಿಮಾಡಿಕೊಂಡು ಅವನ ಪಕ್ಕದಲ್ಲಿ ಮುಂದೆ ಕೂತರು. ನಾನು ಅಕ್ಕಿ ಹಿಡಿದು ಅವರ ಹಿಂದೆ, ನಡುವಿನ ಸೀಟಿನಲ್ಲಿ. ಶೋರೂಮಿನ ಹುಡುಗ ನನ್ನ ಪಕ್ಕ ಕೂತು ಸೀಟು ಹಿಂದೆ ಸರಿಯುವುದು, ಮುಂದೆ ಸರಿಯುವುದು ತೋರಿಸಿದ.

"ಇದರ ಮ್ಯಾಲ ಕಾಲು ಮಡಚಿ ಕುಂದ್ರಬೌದೇನಪ?" ಅಂತ ಕೇಳಿದೆ.

"ಮಲಗಬೌದ್ರಿ ಅಮ್ಮಾರ, ಅಷ್ಟು ಜಾಗಾ ಐತ್ರಿ."

ಗಾಡಿ ಹೊರಟಿತು. ಅವನ ಕಣ್ಣು ಕುಂಚಿಗಿಯ ಮೇಲೆ ಬಿತ್ತು. ದನಿ ಇಳಿಸಿ ಕೇಳಿದ, "ಪಾಪು ಮಲಗೇತೇನ್ರಿ? ಏಸಿ ಕಡಿಮಿ ಮಾಡಿಸ್ಲೇನ್ರಿ?"

ಮುಂದಿನಿಂದ ನಮ್ಮ ಮನೆಯವರು ತಿರುಗದೇ ಹೇಳಿದರು, "ಅದು ಏಳಂಗಿಲ್ಲ. ಕುಕ್ಕರಿನಾಗ ಹಾಕಿದ್ರ ಅಷ್ಟ."

ಆ ಹುಡುಗನ ಮುಖ ನೋಡಬೇಕಾಗಿತ್ತು. ನಾನು ನಗು ತಡೆಯಲಾರದೆ, "ಕೂಸಲ್ಲಪ, ಅಕ್ಕಿ" ಅಂತ ಹೇಳುವುದರೊಳಗೆ ಬಾಯಲ್ಲಿ ನೀರು ಬಂತು. ಕಿವಿ ಬಿಸಿಯಾಯಿತು. ಹೊಸ ಸೀಟಿನ ವಾಸನೆ, ಮುಚ್ಚಿದ ಗಾಜು. ಲಿಂಬೆಹಣ್ಣು ಮೂಗಿಗೆ ಹಿಡಿದೆ. ಹೆಂಗೋ ಶೋರೂಮಿನವರೆಗೆ ತಡೆದು, ಇಳಿದು, ಅವರ ಹೂಕುಂಡದ ಹಿಂದೆ ಹೋಗಿ ಕೂತೆ.

"ಏಸಿ ದೆಸಿಂದ ಬೇ. ಕಿಟಕಿ ತಗದಿಟ್ರ ಆಗಂಗಿಲ್ಲ ಬಿಡು" ಅಂದ ಆನಂದ. ಪಾಪ, ಅವನಿಗೆ ಆ ಗಾಡಿ ಬಹಳ ಮನಸ್ಸಿಗೆ ಬಂದಿತ್ತು. ಅಲ್ಲೇ ಬಿಟ್ಟು ಬಂದ.

ಮುಂದಿನ ಭಾನುವಾರ ಬಸ್ಸು ಹಿಡಿದು ಲಿಂಗಸುಗೂರಿಗೆ. ಅಲ್ಲಿ ಹಳೇ ಗಾಡಿ ಮಾರುವ ಒಂದು ಜಾಗ, ತಗಡಿನ ಚಪ್ಪರದ ಕೆಳಗೆ ಸಾಲಾಗಿ ನಿಲ್ಲಿಸಿದ್ದರು, ಸಂತೆಯ ಎತ್ತುಗಳಂತೆ. ನಮ್ಮ ಮನೆಯವರು ಎತ್ತು ನೋಡುವಂತೆಯೇ ನೋಡಿದರು, ಸುತ್ತು ಹೊಡೆದು, ಚಕ್ರ ಒದ್ದು, ಬೆನ್ನು ತಟ್ಟಿ. ಒಂದು ಉದ್ದನೆಯ ಗಾಡಿ ಆರಿಸಿದೆವು. ಈ ಸಲ ನಾಲ್ಕೂ ಕಿಟಕಿ ಇಳಿಸಲು ಹಚ್ಚಿದೆ. ಏಸಿ ಬೇಡ ಅಂದೆ. ಗಾಳಿ ಭರ್ರನೆ ಬರುತ್ತಿತ್ತು. ಅಕ್ಕಿ ಉಡಿಯಲ್ಲಿ. ನನ್ನ ಮುಂದೆ ನಮ್ಮ ಮನೆಯವರ ಬಿಳೀ ರುಮಾಲು. ಅವರಿಗೆ ಗಾಡಿ ನಡೆಸಲು ಬರುವುದಿಲ್ಲ, ಆದರೆ ಜೀವನವಿಡೀ ಕಾಲುವೆ ಗೇಟಿನ ಚಕ್ರ ತಿರುಗಿಸಿದ್ದಕ್ಕೆ, ತಿರುಗಿಸುವಂಥದ್ದು ಏನಿದ್ದರೂ ತಮಗೆ ಗೊತ್ತು ಅನ್ನುವ ನಂಬಿಕೆ. ಮಗನ ಕಡೆ ವಾಲಿಕೊಂಡೇ ಕೂಡುತ್ತಾರೆ. "ಎಡಕ್ಕ ತಗೋ. ಸಾವಕಾಶ. ಎಮ್ಮಿ ಬರಾಕತ್ತೈತಿ ನೋಡು. ಹಾರ್ನ್ ಹೊಡಿ. ಹೊಡೀಬ್ಯಾಡ, ಬೆದರ್ತೈತಿ." ಒಂದೊಂದು ಮಾತಿಗೂ ರುಮಾಲು ಅತ್ತ ಒಮ್ಮೆ, ಇತ್ತ ಒಮ್ಮೆ.

ಬಾಯಲ್ಲಿ ನೀರು ಬಂತು.

"ನಿಂದರಸಪಾ" ಅಂದೆ. ಗಾಡಿ ನಿಲ್ಲುವುದರೊಳಗೆ ಬಾಗಿಲು ತೆಗೆದೆ, ಕೆಳಗೆ ಧುಮುಕಿದೆ. ಒಂದು ಕೈ ಬಾಯಿಗೆ, ಒಂದು ಕೈ ಬಾಗಿಲಿಗೆ. ಎಲ್ಲ ಮುಗಿದ ಮೇಲೆ ತಿರುಗಿ ನೋಡಿದರೆ ಉಡಿ ಖಾಲಿ. ಗಂಟು ಉರುಳಿ ರಸ್ತೆಯ ಪಕ್ಕಕ್ಕೆ ಬಿದ್ದಿತ್ತು. ಹೊಲಿಗೆ ಬಿಚ್ಚಿ, ಕೆಂಪು ಕುಂಚಿಗಿಯ ಬಾಯಿಂದ ಅಕ್ಕಿ ಸುರಿಯುತ್ತಿತ್ತು.

ಯಾರೂ ನಗಲಿಲ್ಲ. ಉಪ್ಪು ಖಾರದ ನಮ್ಮ ಮನೆಯವರು ಕೂಡ. ಅವರೇ ಕೂತು ಅಕ್ಕಿಯನ್ನು ಮಣ್ಣಿನಿಂದ ಬೊಗಸೆಯಲ್ಲಿ ತೆಗೆದು ತೆಗೆದು ಚೀಲಕ್ಕೆ ತುಂಬಿದರು. ನಾನು ಕುಂಚಿಗಿಯನ್ನು ಝಾಡಿಸುತ್ತಾ ನಿಂತೆ. ಅಕ್ಕಿಯ ಜಾಗದಲ್ಲಿ ಕೂಸು ಇದ್ದಿದ್ದರೆ ಅನ್ನುವ ಮಾತು ಯಾರೂ ಆಡಲಿಲ್ಲ, ಎಲ್ಲರಿಗೂ ಕೇಳಿಸಿತು.

ಅಷ್ಟು ದೂರ ಹೋದ ಮೇಲೆ ಕೂಸನ್ನು ನೋಡದೆ ಬರುವುದು ಹೆಂಗೆ? ಗಾಡಿ ಹೊಳ್ಳಿ ಕೊಟ್ಟು, ಬಸ್ಸಿಗೆ ಗುರುಗುಂಟಾಕ್ಕೆ ಹೋದೆವು. ಬೀಗತಿ ಶಾಂತಮ್ಮ ನನಗಿಂತ ಗೇಣು ಗಿಡ್ಡ, ನಾಲಿಗೆ ಮಾತ್ರ ನನಗಿಂತ ಮೊಳ ಉದ್ದ. ಆನಂದ ಸವಿತಾಗೆ ಹೇಳಿದ್ದು ಅವಳ ಕಿವಿಗೆ ಬಿದ್ದೇ ಬಿತ್ತು.

"ಏನವಾ ಬೀಗತಿ, ರೋಡಿನಾಗ ಅಕ್ಕಿ ಬಿತ್ತಿ ಬಂದ್ಯಂತ? ಕಾಲುವಿ ನೀರು ಈ ಕಡಿ ಬರಂಗಿಲ್ಲ, ಬೆಳಿಯಂಗಿಲ್ಲವಾ."

"ನಿಮ್ಮೂರಾಗ ಮಾತು ಅಷ್ಟ ಬೆಳಿತಾವ ಬಿಡು" ಅಂದೆ.

ನಕ್ಕಳು. ಆಮೇಲೆ ಕೂಸನ್ನು ನನ್ನ ಉಡಿಗೆ ಕೊಡುತ್ತಾ, ಹತ್ತಿರ ಕೂತು ಮೆತ್ತಗೆ ಅಂದಳು, "ಬ್ಯಾಸರ ಮಾಡಕೋಬ್ಯಾಡಕ್ಕಾ. ಆವತ್ತು ಕೂಸು ನನ್ನ ಉಡಿಯಾಗ ಬರ್ಲಿ. ನೀ ಮುಂಚೇಕ ಬಸ್ಸಿಗೆ ಹೋಗಿ, ಬಾಗಿಲದಾಗ ಆರತಿ ಹಿಡಕೊಂಡು ನಿಂದ್ರು. ಅದೂ ದೊಡ್ಡದ."

ತಮಾಷೆ ಮಾಡಿದ್ದರೆ ತಿರುಗಿ ಕೊಡುತ್ತಿದ್ದೆ. ಪ್ರೀತಿಯಿಂದ ಅಂದಳು. ಉಡಿಯಲ್ಲಿ ಮೈತ್ರಿ ನನ್ನ ಬೆರಳು ಹಿಡಿದು ಬಿಡಲೊಲ್ಲಳು. ಅಕ್ಕಿ ಅಷ್ಟೇ ತೂಕ ಅಂತ ನಾನು ತಿಳಿದಿದ್ದೆ. ಸುಳ್ಳು. ಅಕ್ಕಿ ಸುಮ್ಮನೆ ಕೂಡುತ್ತದೆ, ಕೂಸು ಒದೆಯುತ್ತದೆ.

ಗುಳಿಗೆ ನುಂಗಿ ನೋಡಿದೆ. ಹೊಟ್ಟೆ ತೊಳಸಲಿಲ್ಲ, ಆದರೆ ಬಸ್ಸಿನಲ್ಲಿ ಪಕ್ಕದವಳ ಹೆಗಲ ಮೇಲೆ ಗೊರಕೆ ಹೊಡೆದೆ. ಉಡಿಯಲ್ಲಿ ಕೂಸು ಇಟ್ಟುಕೊಂಡು ಗೊರಕೆ ಹೊಡೆಯುವುದೇ? ಮುಂದಿನ ಸೀಟಿನಲ್ಲಿ ನಾನೇ ಕೂಡಲೇನು ಅಂತ ಕೇಳಿದರೆ ಸವಿತಾ ಫೋನಿನಲ್ಲೇ ಹೇಳಿಬಿಟ್ಟಳು, "ಕೂಸು ಹಿಡಕೊಂಡು ಮುಂದ ಕುಂದ್ರಂಗಿಲ್ರಿ ಅತ್ತಿ. ಬ್ರೇಕ್ ಹಾಕಿದ್ರ ಏನ್ ಗತಿ?" ಅದೂ ಖರೆ. ಹೀಗೆ ಒಂದೊಂದೇ ಬಾಗಿಲು ಮುಚ್ಚಿತು. ಹಿತ್ತಲಿಗೆ ಹೋಗುತ್ತಿದ್ದೆ, ಪಡಸಾಲೆಗೆ ಬರುತ್ತಿದ್ದೆ. ಹಿಟ್ಟು ನಾದುತ್ತಾ ರೊಟ್ಟಿ ತಟ್ಟುವುದನ್ನು ಮರೆಯುತ್ತಿದ್ದೆ.

ಕರೆದು ತರುವ ದಿನ ಹತ್ತಿರ ಬಂತು. ಮಸ್ಕಿಯಲ್ಲಿ ಒಬ್ಬರು ತಮ್ಮ ಮನೆಯ ಗಾಡಿ ಮಾರುತ್ತಾರೆ ಅಂತ ಆನಂದನಿಗೆ ತಿಳಿಯಿತು. "ಇದ ಕಡೀದು. ಇದರಾಗ ನಿನಗ ಕುಂದ್ರಾಕ ಆಗಲಿಲ್ಲಂದ್ರ, ನೀ ಆರತಿ ಹಿಡಿಯೋದ ಬೇ" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಹೊಸದಾಗಿ ಹೊಲಿದ ಅಕ್ಕಿಯ ಗಂಟು ತೆಗೆದುಕೊಂಡು ಹೊರಟೆ.

ಮಸ್ಕಿಯ ಗಾಡಿಗೆ ವಯಸ್ಸಾಗಿತ್ತು. ಸೀಟಿನ ಬಟ್ಟೆ ಸವೆದಿತ್ತು, ಒಳಗೆ ಉಳ್ಳಾಗಡ್ಡಿಯ ಸಣ್ಣ ವಾಸನೆ. ಹೊಲದ ವಾಸನೆ, ನನಗೆ ಹಿತವೇ ಅನಿಸಿತು. ಕಾಲು ಮಡಚಿ ಕೂತು ನೋಡಿದೆ, ಕಟ್ಟೆಯ ಮೇಲೆ ಕೂತ ಹಾಗಿತ್ತು. ಅಷ್ಟರಲ್ಲಿ ಆ ಮನೆಯ ಮುದುಕರು ಹೊರಗೆ ಬಂದರು. ಅವರ ಹೊಲಕ್ಕೆ ನೀರು ಬಿಡುತ್ತಿದ್ದ ಗೇಟು ನಮ್ಮ ಮನೆಯವರದೇ! ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಬಿಡಲೇ ಇಲ್ಲ. "ನೀವು ಹೋಗಿ ಬರ್ರಿ. ನಾ ಇಲ್ಲೇ ಚಾ ಕುಡೀತೀನಿ" ಅಂತ ನಮ್ಮ ಮನೆಯವರು ಇಳಿದೇಬಿಟ್ಟರು.

ಆನಂದ ಸಿಂಧನೂರಿನ ಕಡೆ ಗಾಡಿ ಬಿಟ್ಟ. ನಾನು ನನ್ನ ಜಾಗದಲ್ಲೇ, ಲಿಂಬೆಹಣ್ಣು ಕೈಯಲ್ಲಿ ಹಿಡಿದು, ಈಗ ಬರುತ್ತದೆ ಈಗ ಬರುತ್ತದೆ ಅಂತ ಕಾಯುತ್ತಾ ಕೂತೆ. ರಸ್ತೆ ಮುಂದೆ ಮುಂದೆ ಬಿಚ್ಚಿಕೊಳ್ಳುತ್ತಿತ್ತು. ಎರಡು ಸೀಟುಗಳ ನಡುವಿನ ಸಂದಿಯಲ್ಲಿ ಗಿಡ ಬಂತು, ಕುರಿ ಬಂದವು, ಭತ್ತದ ಲಾರಿ ಬಂತು. ಬಳಗಾನೂರಿಗೆ ತಿರುಗುವ ದಾರಿ ಬಂತು. "ಇಲ್ಲಿ ತಿರುವಪಾ, ನನ್ನ ತವರು" ಅಂದೆ. ತಿರುಗಿಸಿದ. ಕಾಲುವೆಯ ನೀರು, ಹಸಿರು ಮಡಿಗಳು, ಬಾಗಿ ನಾಟಿ ಹಚ್ಚುವ ಹೆಂಗಸರು. ನಾನು ಕಿಟಕಿಯಿಂದ ಕೈ ಬೀಸಿದೆ. ಯಾರು ಅಂತ ಗೊತ್ತಿಲ್ಲದಿದ್ದರೂ ಅವರೂ ಬೀಸಿದರು.

"ಯವ್ವಾ, ನಿನಗ ಏನೂ ಆಗವಲ್ದಲ್ಲ?" ಅಂದ ಆನಂದ.

ಹೌದಲ್ಲ! ಬಾಯಿ ಒಣಗಿತ್ತು, ಕಿವಿ ತಣ್ಣಗಿತ್ತು. ಲಿಂಬೆಹಣ್ಣನ್ನು ನಾನು ಮೂಸಿಯೇ ಇರಲಿಲ್ಲ. ಅಕ್ಕಿಯನ್ನು ಎತ್ತಿ ಮುದ್ದಿಟ್ಟೆ. ಮಗ ನಕ್ಕ, ನಕ್ಕರೆ ನಗಲಿ.

ಮಸ್ಕಿಗೆ ಹೊಳ್ಳಿ ಬಂದು ಸುದ್ದಿ ಹೇಳಿದೆವು. ನಮ್ಮ ಮನೆಯವರಿಗೆ ಬಹಳ ಖುಷಿಯಾಯಿತು. "ತಡೀರಿ, ನಾನೂ ಒಂದ ಸುತ್ತು ನೋಡ್ತೀನಿ" ಅಂತ ಹತ್ತಿ ಮುಂದೆ ಕೂತರು. ಮಗನ ಕಡೆ ವಾಲಿದರು. "ಸಾವಕಾಶ ತಗೀ. ಗೇರ್ ಹಾಕು." ಸಂದಿಯಲ್ಲಿದ್ದ ರಸ್ತೆ ಮಾಯವಾಯಿತು. ಅಲ್ಲಿ ಈಗ ಬಿಳೀ ರುಮಾಲು, ಅತ್ತ ಒಮ್ಮೆ, ಇತ್ತ ಒಮ್ಮೆ. ಊರು ದಾಟಿರಲಿಲ್ಲ, ನನ್ನ ಬಾಯಲ್ಲಿ ನೀರು ಬಂತು.

ಆವಾಗ ತಿಳಿಯಿತು. ಟ್ರ್ಯಾಕ್ಟರಿನಲ್ಲಿ ದಾರಿ ಕಾಣುತ್ತಿತ್ತು. ಬಸ್ಸಿನ ಹೆಂಗಸರ ಸೀಟಿನಲ್ಲಿ ದಾರಿ ಕಾಣುತ್ತಿತ್ತು. ಬಾಡಿಗೆ ಗಾಡಿಯ ಕೊನೆಯ ಸೀಟಿನಲ್ಲಿ ಕಂಡದ್ದು ಕೊಡಪಾನ, ಆಮೇಲೆ ಕಂಡದ್ದು ರುಮಾಲು. ಮೂರು ಊರು ತಿರುಗಿ ದೊಡ್ಡ ಗಾಡಿ, ಇನ್ನೂ ದೊಡ್ಡ ಗಾಡಿ ಅಂತ ಹುಡುಕಿದೆವಲ್ಲ, ನನಗೆ ಬೇಕಾಗಿದ್ದ ಜಾಗ ಒಂದು ತಲೆಯಷ್ಟು ಇತ್ತು!

"ರೀ," ಅಂದೆ, "ನಿಮ್ಮ ರುಮಾಲ ತಗೀರಿ."

"ಏನಂದಿ?"

"ರುಮಾಲಿನ ದೆಸಿಂದ ನನಗ ವಾಂತಿ ಬರಾಕತ್ತೈತಿ."

ಮದುವೆಯಾದ ಹೊಸದರಲ್ಲಿ ನಾನು ಸಾರಿಗೆ ಉಪ್ಪು ಹಾಕದೆ ಬಡಿಸಿದಾಗಲೂ ಅವರ ಮುಖ ಹಾಗೆ ಆಗಿರಲಿಲ್ಲ. "ನನ್ನ ರುಮಾಲಿಗೆ ಏನ್ ರೋಗ ಬಂದೈತಿ? ವಾರಕ್ಕೊಮ್ಮಿ ನೀನ ಒಗೀತಿ" ಅಂದರು. ವಿಷಯ ತಿಳಿಸಿ ಹೇಳಿದೆವು. ಒಪ್ಪಲಿಲ್ಲ. "ಬರೇ ತಲಿಲೆ ಬೀಗರ ಮನಿಗೆ ಹೋಗೋ ಗಂಡಸು ನಾ ಅಲ್ಲ." ಆನಂದ ಹೇಳಿದ, "ಅಪ್ಪಾ, ನಡಕಿನ ಸೀಟಿಗೆ ಬರ್ರಿ." ಅದಕ್ಕೂ ಇಲ್ಲ. ಬಾಣಂತಿ ಕೂಡುವ ಸೀಟಿನಲ್ಲಿ ಮಾವ ಕೂಡುವುದು ಸರಿಯೇ? ಗಂಡಸರ ಜಾಗ ಮುಂದೆ. ಅವರ ಅಪ್ಪ ಎತ್ತಿನ ಚಕ್ಕಡಿಯ ಮುಂದೆ ಕೂಡುತ್ತಿದ್ದ, ಇವರು ಗಾಡಿಯ ಮುಂದೆ ಕೂತಿದ್ದಾರೆ. ಅದು ಕಟ್ಟಿಟ್ಟದ್ದು.

ಗಾಡಿ ಅದೇ ಅಂತ ಗಟ್ಟಿಯಾಯಿತು, ಮನೆಗೂ ಬಂತು. ಆನಂದ ಮುಂದೆ ಪುಟ್ಟ ಬುದ್ಧನನ್ನು ಕೂಡಿಸಿದ, ನಾನು ಬಂಪರಿನ ಕೆಳಗೆ ಯಾರಿಗೂ ಕಾಣದಂತೆ ಮೆಣಸಿನಕಾಯಿ ಲಿಂಬೆ ಕಟ್ಟಿದೆ. ನಮ್ಮ ಮನೆಯವರ ಜೊತೆ ಮಾತು ಊಟಕ್ಕೆ ಎಷ್ಟು ಬೇಕೋ ಅಷ್ಟೇ ಉಳಿಯಿತು. ಹೊರಡುವ ಹಿಂದಿನ ದಿನ ಅವರು ರುಮಾಲನ್ನು ತಾವೇ ಒಗೆದು ಒಣಹಾಕಿದ್ದು ನೋಡಿದೆ. ಆರತಿ ತಟ್ಟೆ ತೆಗೆದು ಹುಣಸೆಹಣ್ಣು ಹಚ್ಚಿ ಬೆಳಗಿಟ್ಟೆ.

ಮುಂಜಾನೆ ಬಸ್ಸಿಗೇ ಹೋಗುವುದು, ಬಸ್ಸಿಗೇ ಬರುವುದು ಅಂತ ಮನಸ್ಸು ಗಟ್ಟಿ ಮಾಡಿ ಚಪ್ಪಲಿ ಹಾಕಿಕೊಂಡೆ. ಆನಂದ ಗಾಡಿ ಚಾಲೂ ಮಾಡಿದ್ದ. ನಮ್ಮ ಮನೆಯವರು ಹೊರಗೆ ಬಂದರು. ರುಮಾಲು ಯಾವತ್ತಿಗಿಂತ ದೊಡ್ಡದಾಗಿ ಸುತ್ತಿದ್ದರು, ಬೆಳ್ಳಗೆ, ಹೂಕೋಸಿನಂತೆ. ಮುಂದಿನ ಬಾಗಿಲಿನ ಹತ್ತಿರ ಹೋದರು. ದಾಟಿದರು. ನಡುವಿನ ಸೀಟನ್ನು ಮಡಚಿಸಿ, ಬಗ್ಗಿ, ರುಮಾಲನ್ನು ಕೈಯಲ್ಲಿ ಒತ್ತಿ ಹಿಡಿದು, ಕೊನೆಯ ಸೀಟಿಗೆ ನುಗ್ಗಿ ಕೂತರು. ಮೊಣಕಾಲು ಗದ್ದಕ್ಕೆ ಹತ್ತಿತ್ತು.

ಆನಂದ ನನ್ನ ಮುಖ ನೋಡಿದ, ನಾನು ಅವನ ಮುಖ.

"ಏನ್ ನೋಡತೀರಿ? ಹತ್ತರಿ ಜಲ್ದಿ. ಹೊತ್ತಾಗಾಕತ್ತೈತಿ" ಅಂದರು ಹಿಂದಿನಿಂದ.

ಗುರುಗುಂಟಾದ ಹೊಸ್ತಿಲಲ್ಲಿ ಶಾಂತಮ್ಮ ಕೂಸನ್ನು ಎತ್ತಿ ಹಿಡಿದಳು. ಒಂದು ಗಳಿಗೆ ಕೊಡಲಿಲ್ಲ, ಕೂಸಿನ ನೆತ್ತಿಯ ವಾಸನೆ ತೆಗೆದುಕೊಂಡಳು. ಆಮೇಲೆ ನನ್ನ ಉಡಿಗೆ ಹಾಕಿದಳು. "ಜ್ವಾಪಾನ..." ಅಂತ ಏನೋ ಹೇಳಲಿಕ್ಕೆ ಹೋಗಿ ಬಿಟ್ಟುಬಿಟ್ಟಳು. ಅಷ್ಟು ಉದ್ದದ ನಾಲಿಗೆ ಅವತ್ತು ಅವಳಿಗೆ ಸಾಕಾಗಲಿಲ್ಲ. ಅವಳನ್ನು ಮುಂದೆ ಕೂಡಿಸಿದೆವು. ಗಿಡ್ಡ ಹೆಂಗಸು, ಹಿಂದಿನಿಂದ ನೋಡಿದರೆ ಸೀಟಿನಲ್ಲಿ ಯಾರೂ ಇಲ್ಲದಂತೆ.

"ಗಂಡಸರ ಸೀಟಲ್ಲೇನವಾ ಇದು? ನಾ ಮಿನಿಸ್ಟರ್ ಆದಂಗಾತು" ಅಂತ ಲಿಂಗಸುಗೂರಿನ ತನಕ ಅಂದದ್ದೇ ಅಂದಳು.

ನನ್ನ ಪಕ್ಕ ಸವಿತಾ. ಉಡಿಯಲ್ಲಿ ಮೈತ್ರಿ, ಕೆಂಪು ಕುಂಚಿಗಿ ಈಗ ಬರೋಬ್ಬರಿ ತಲೆಗೆ ಬಂದಿತ್ತು. ಸಂದಿಯಲ್ಲಿ ರಸ್ತೆ. ನಾನು ದಾರಿ ನೋಡುತ್ತಾ ಕೂಸಿಗೆ ಬೋರ್ಡು ಓದಿ ಹೇಳುತ್ತಾ ಬಂದೆ, ಇದು ಲಿಂಗಸುಗೂರು, ಇದು ಮಸ್ಕಿ, ಇದು ಬಳಗಾನೂರಿನ ದಾರಿ, ಇಲ್ಲಿ ನಿನ್ನ ಅಜ್ಜಿ ಸಣ್ಣಾಕಿದ್ದಾಗ ಕೆಸರಿನಲ್ಲಿ ಬಿದ್ದಿದ್ದಳು. ಹಿಂದಿನಿಂದ ಒಂದು ಮಾತೂ ಇರಲಿಲ್ಲ. ಎಡಕ್ಕೆ ತಗೋ ಇಲ್ಲ, ಸಾವಕಾಶ ಇಲ್ಲ. ತೊಟ್ಟಿಲನ್ನು ಅಪ್ಪಿಕೊಂಡು, ಉಂಡಿ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ನಿದ್ದೆ ಹತ್ತಿರಬೇಕು ಅಂದುಕೊಂಡೆ.

ಸಿಂಧನೂರು ಇನ್ನೂ ದೂರ ಇತ್ತು. ಹಿಂದಿನಿಂದ ಸಣ್ಣ ದನಿ ಬಂತು, "ಆನಂದಾ, ನಿಂದರಸಪಾ."

ಇಳಿದು ಜಾಲಿಯ ಗಿಡದ ಮರೆಗೆ ಹೋದರು. ಒಂದು ಕೈಯಲ್ಲಿ ರುಮಾಲು ಹಿಡಿದಿದ್ದರು, ಬೀಳಬಾರದು ಅಂತ. ಶಾಂತಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲಾಡಿ ಅಲ್ಲಾಡಿ ನಕ್ಕಳು. ನಾನು ನಗಲಿಲ್ಲ. ಕೂಸು ಉಡಿಯಲ್ಲಿತ್ತು, ಇಳಿಯುವಂತಿರಲಿಲ್ಲ. ಅವರು ವಾಪಸ್ಸು ಬಂದಾಗ ಒಂದೇ ಕೈಯಿಂದ ಸೆರಗಿನ ಗಂಟು ಬಿಚ್ಚಿ ಕಿಟಕಿಯಿಂದ ಲಿಂಬೆಹಣ್ಣು ಕೊಟ್ಟೆ.

ತೆಗೆದುಕೊಂಡರು. ಮೂಸಿದರು. ಕಣ್ಣಲ್ಲಿ ನೀರು ಬಂದಿತ್ತು, ವಾಂತಿಯಾದರೆ ಬರುತ್ತದೆ, ನನಗೆ ಗೊತ್ತು.

"ಲೇ," ಅಂದರು ಮೆತ್ತಗೆ, "ಇಷ್ಟು ವರ್ಷ ಇಲ್ಲಿ ಹೆಂಗ ಕುಂತಿದ್ದಿಲೇ?"

"ಅಡ್ಜಸ್ಟ್ ಆಗಿ" ಅಂದೆ.

ಲಿಂಬೆಹಣ್ಣು ಹಿಡಿದು, ಬಗ್ಗಿ, ಹಿಂದಿನ ಸೀಟಿಗೇ ಹೋದರು.

ನಮ್ಮ ಹೊಸ್ತಿಲು ದಾಟಿದಾಗ ನನ್ನ ಕೈ ಮಡಚಿದ್ದು ಬಿಚ್ಚಲಿಕ್ಕೆ ಬರಲಿಲ್ಲ, ಅತ್ತೆಯ ಕೈಯಂತೆಯೇ. ಸವಿತಾ ಎಣ್ಣೆ ಹಚ್ಚಿದಳು. ಎರಡು ಸಲ ತೊಳೆದು, ಕಲ್ಲು ಆರಿಸಿ, ಆ ಅಕ್ಕಿಯಲ್ಲೇ ಹುಗ್ಗಿ ಮಾಡಿದೆ. ಶೋರೂಮು ನೋಡಿದ ಅಕ್ಕಿ, ಲಿಂಗಸುಗೂರಿನ ಮಣ್ಣು ಕಂಡ ಅಕ್ಕಿ, ಕುಕ್ಕರಿನಲ್ಲಿ ಕೊನೆಗೂ ಎದ್ದಿತು. ನಮ್ಮ ಮನೆಯವರು ಮೊದಲ ದಿನ ಉಣ್ಣಲಿಲ್ಲ, ಹೊಟ್ಟೆ ಸರಿ ಇರಲಿಲ್ಲ. ಮರುದಿನ ತಂಗಳು ಹುಗ್ಗಿ ಉಂಡರು.

ಈ ವಾರ ತುರ್ವಿಹಾಳಕ್ಕೆ ಹೋಗುವುದಿದೆ, ಕೂಸನ್ನು ಓಣಿಗೆ ತೋರಿಸಲು. ಮುಂಜಾನೆ ಅವರ ರುಮಾಲು ಒಗೆಯಲೆಂದು ಗೂಟದಿಂದ ತೆಗೆದು ಬಿಚ್ಚಿದೆ. ಮಡಿಕೆಯೊಳಗಿಂದ ಏನೋ ಉರುಳಿ ಕಾಲಿಗೆ ಬಿತ್ತು. ಹೊಸ ಲಿಂಬೆಹಣ್ಣು, ಹಚ್ಚಗೆ, ಸಂತೆಯಿಂದ ತಾವೇ ಆರಿಸಿ ತಂದದ್ದು.

ಎತ್ತಿ ಮತ್ತೆ ಆ ಮಡಿಕೆಯಲ್ಲೇ ಇಟ್ಟೆ.